ಯಾರನ್ನೂ ಬಿಟ್ಟು ಹೋಗದ ವ್ಯಾನಕ್ಕ

ಗಡಿಯಾರ ರಿಪೇರಿ ಮಾಡುವವನ ಹೆಂಡತಿಯಾದರೆ ಆಗುವ ಅನುಕೂಲವೆಂದರೆ, ಮನೆಯಲ್ಲಿ ಗಡಿಯಾರಗಳಿಗೆ ಬರವಿಲ್ಲ. ಅನನುಕೂಲವೆಂದರೆ ಸಮಯಕ್ಕೆ ಬರ. ಸರಿಹೋದ ಗಡಿಯಾರಗಳೆಲ್ಲ ಗಿರಾಕಿಗಳ ಮನೆಗೆ ಹೋಗುತ್ತವೆ. ಏನು ಮಾಡಿದರೂ ಸರಿಹೋಗದವು ಗಂಡನ ಜೊತೆ ಮನೆಗೆ ಬಂದು ಗೋಡೆ ಹತ್ತುತ್ತವೆ. ವ್ಯಾನಕ್ಕನ ನಡುಮನೆಯ ಗೋಡೆಯ ಮೇಲೆ ಒಂದು ಗಡಿಯಾರ ಮುಂದೆ ಓಡುತ್ತಿತ್ತು, ಇನ್ನೊಂದು ಹಿಂದೆ ಕುಂಟುತ್ತಿತ್ತು, ಮತ್ತೊಂದರ ಕೋಗಿಲೆ ಗೂಡಿನಿಂದ ಹೊರಗೆ ಬಂದು, ಬಾಯಿ ತೆರೆದು, ಏನು ಹೇಳಲು ಬಂದೆನೆಂಬುದನ್ನೇ ಮರೆತವರ ಹಾಗೆ ಸುಮ್ಮನೆ ಒಳಗೆ ಹೋಗುತ್ತಿತ್ತು. ಆ ಮನೆಯಲ್ಲಿ ನಿಜವಾದ ಸಮಯ ಗೊತ್ತಿದ್ದದ್ದು ಅತ್ತೆಯೊಬ್ಬರಿಗೇ. ಅವರು ಎದುರುಮನೆಯ ಕುಕ್ಕರಿನ ಕೂಗು ಕೇಳಿ ಸಮಯ ಹೇಳುತ್ತಿದ್ದರು.

ಇಂಥ ಮನೆಯಿಂದ ವ್ಯಾನಕ್ಕ ಸಿಟಿ ಬಸ್ಸಿನ ಡ್ರೈವರ್ ಕೆಲಸಕ್ಕೆ ಹೊರಟಳು.

ಅದಕ್ಕೆ ಮೊದಲು ಅವಳು ಬಹಳ ಕಾಲ ಸ್ಕೂಲ್ ವ್ಯಾನ್ ಓಡಿಸಿದವಳು. ಹೆಸರು ಬಂದದ್ದೇ ಅದರಿಂದ. ಮಕ್ಕಳು 'ವ್ಯಾನಕ್ಕ' ಅಂದರು, ಮಕ್ಕಳ ಅಪ್ಪ ಅಮ್ಮಂದಿರೂ ಅಂದರು, ಕೊನೆಗೆ ಗಂಡನೂ ಒಮ್ಮೆ ಮೈಮರೆತು ಹಾಗೇ ಕರೆದು, ಆ ದಿನವೆಲ್ಲ ಮನೆಯಲ್ಲಿ ಯಾರೂ ಮಾತಾಡಿಸದೆ ಕೂತಿದ್ದ. ಅವಳ ಕೆಲಸದ ಹೆಮ್ಮೆ ಒಂದೇ: ಯಾವ ಮಗುವನ್ನೂ ಬಿಟ್ಟು ಹೋದವಳಲ್ಲ. ಮನೆ ಮುಂದೆ ನಿಲ್ಲಿಸಿ ಎರಡು ಸಲ ಹಾರ್ನ್ ಹೊಡೆಯುವುದು, ಆಮೇಲೆ ಕಾಯುವುದು. ಒಂದು ಕಾಲಿಗೆ ಸಾಕ್ಸ್ ಹಾಕಿಕೊಂಡು ಬಂದವನನ್ನೂ ಹತ್ತಿಸಿಕೊಂಡು, "ಇನ್ನೊಂದು ಕಾಲು ಮನೇಲೇ ಇದೆಯೇನೋ?" ಎಂದು ಗದರಿಸಿ, ಎಲ್ಲರೂ ಕೂತ ಮೇಲೆಯೇ ಗಾಡಿ ಎತ್ತುವುದು. ವ್ಯಾನು ಬಂದ ಮೇಲೆಯೇ ಸ್ಕೂಲಿನ ಗಂಟೆ ಹೊಡೆಯುತ್ತಿದ್ದರು ಎಂದು ಅವಳು ಹೇಳಿಕೊಳ್ಳುತ್ತಿದ್ದಳು. ಸ್ಕೂಲಿನವರು ಬೇರೆ ಏನೋ ಹೇಳುತ್ತಿದ್ದರು.

ಕೊನೆಗೆ ವ್ಯಾನಿಗೆ ವಯಸ್ಸಾಯಿತು, ಇನ್ನು ಮಕ್ಕಳನ್ನು ಕೂರಿಸುವ ಹಾಗಿಲ್ಲ ಎಂದು ಸರ್ಕಾರದವರು ಹೇಳಿದರು. ವ್ಯಾನು ಗುಜರಿಗೆ ಹೋಯಿತು. ಹಳೆಯ ಕೆಲಸಕ್ಕೆ ಹಿಂದಿರುಗಲು ಅವಳಿಗೆ ಗಾಡಿಯೇ ಇರಲಿಲ್ಲ. ಇದ್ದದ್ದು ದೊಡ್ಡ ಗಾಡಿ ಓಡಿಸುವ ಲೈಸೆನ್ಸು, ಒಂದು ದೊಡ್ಡ ಗಂಟಲು, ಮತ್ತು ಬಸ್ ಡಿಪೋದ ಕಂಟ್ರೋಲರ್ ಕೊಟ್ಟ ಒಂದು ವಾರದ ಅವಕಾಶ.

ಕಂಟ್ರೋಲರ್ ತೆಳ್ಳಗಿನ ಮನುಷ್ಯ. ಮೈಯಲ್ಲಿ ತೂಕ ಇದ್ದದ್ದೆಲ್ಲ ಕೈಗಡಿಯಾರದಲ್ಲೇ ಇತ್ತು. ಅವರ ಕುರ್ಚಿಯ ಹಿಂದೆ ಗೋಡೆಗೆ ಸಾಲಾಗಿ ಕೊಕ್ಕೆಗಳು, ಪ್ರತಿ ಕೊಕ್ಕೆಯ ಮೇಲೆ ಒಬ್ಬ ಡ್ರೈವರ್ ಹೆಸರು, ಕೆಳಗೆ ಅವನ ಬಸ್ಸಿನ ಕೀ. ಹೊಸಬರ ಕೀಗಳು ಮಾತ್ರ ಮೇಜಿನ ಮೇಲಿನ ಹಳೇ ಬಿಸ್ಕತ್ ಡಬ್ಬಿಯಲ್ಲಿ.

"ಶನಿವಾರದವರೆಗೆ ನೋಡ್ತೀನಿ. ಟೈಮಿಗೆ ಸರಿಯಾಗಿ ಓಡಿಸಿದ್ರೆ ಕೀ ಕೊಕ್ಕೆಗೆ ಹೋಗುತ್ತೆ. ಇಲ್ಲಾಂದ್ರೆ ಡಬ್ಬೀಲೇ ಇರುತ್ತೆ, ನೀವು ಮನೇಲಿರ್ತೀರಿ," ಎಂದರು.

ಮೊದಲ ದಿನ ಮನೆಯಲ್ಲೇ ಯುದ್ಧ. ಡಿಪೋದವರು ಕೊಟ್ಟ ಖಾಕಿ ಅಂಗಿಯೊಳಗೆ ವ್ಯಾನಕ್ಕನ ಜೊತೆ ಇನ್ನೂ ಒಬ್ಬರು ಹಿಡಿಸುತ್ತಿದ್ದರು. ತೋಳು ಮಡಚಿ ಮಡಚಿ ಮೊಣಕೈ ಹತ್ತಿರ ಒಂದು ಬಳೆಯ ಹಾಗಾಯಿತು. ಬೂಟು ಕಚ್ಚಿತು. ನಲ್ಲಿಯಲ್ಲಿ ನೀರು ನಿಂತಿತು. ಅತ್ತೆ ಬಾಗಿಲಲ್ಲಿ ನಿಂತು, "ಟೈಮಾಯ್ತು ಕಣೇ, ಎದುರುಮನೆ ಕುಕ್ಕರ್ ಮೂರು ಸಲ ಕೂಗ್ತು," ಎಂದರೆ, ಗಂಡ ಗೋಡೆ ನೋಡಿ, "ಇನ್ನೂ ಬೇಕಾದಷ್ಟು ಹೊತ್ತಿದೆ," ಎಂದ. ವ್ಯಾನಕ್ಕ ಗಂಡನ ಮಾತು ನಂಬಿದಳು. ಮದುವೆಯಾಗಿ ಇಷ್ಟು ವರ್ಷವಾದ ಮೇಲೂ ಆ ತಪ್ಪು ಮಾಡುತ್ತಾರೆ, ಏನು ಮಾಡುವುದು. ಡಿಪೋ ತಲುಪುವಾಗ ಓಡುತ್ತಿದ್ದಳು.

ಬಸ್ಸೇನೋ ಚೆನ್ನಾಗಿಯೇ ಓಡಿಸಿದಳು. ತಿರುವುಗಳಲ್ಲಿ ನಿಂತವರಿಗೂ ಗೊತ್ತಾಗದ ಹಾಗೆ ತಿರುಗಿಸಿದಳು. ಕಷ್ಟವಾದದ್ದು ಸ್ಟಾಪುಗಳಲ್ಲಿ. ಸ್ಟಾಪಿನಲ್ಲಿ ಜನ ಹತ್ತಿದ ಮೇಲೆ ಕನ್ನಡಿಯಲ್ಲಿ ನೋಡಿದರೆ ಯಾರೋ ಒಬ್ಬರು ದೂರದಿಂದ ಓಡಿ ಬರುತ್ತಿರುತ್ತಾರೆ. ಅವರು ಹತ್ತುವಷ್ಟರಲ್ಲಿ ಅವರ ಹಿಂದೆ ಇನ್ನೊಬ್ಬರು. ಓಡಿ ಬರುವವರಿಗೆ ಕೊನೆಯೆಂಬುದೇ ಇಲ್ಲ ಎಂಬ ಸಂಗತಿ ವ್ಯಾನಕ್ಕನಿಗೆ ಅಂದೇ ತಿಳಿದದ್ದು.

"ರೈಟ್!" ಎಂದು ಹಿಂದಿನಿಂದ ಕಂಡಕ್ಟರ್ ಕೂಗಿದ. ನಿವೃತ್ತಿಗೆ ಹತ್ತಿರವಾದ ಮನುಷ್ಯ. ಉಳಿದ ದಿನಗಳನ್ನು ಗಲಾಟೆಯಿಲ್ಲದೆ ಕಳೆಯಬೇಕೆಂಬುದು ಅವನ ಬಾಳಿನ ಏಕೈಕ ಆಸೆ.

"ತಡೀರಿ ಅಣ್ಣ, ಒಬ್ರು ಬರ್ತಿದಾರೆ."

"ರೈಟ್ ಅಂದ್ರೆ ಹೋಗು ಅಂತ ಕಣಮ್ಮಾ. ನಿನ್ನ ಅಭಿಪ್ರಾಯ ಕೇಳಿದ್ದಲ್ಲ ನಾನು."

"ಎಲ್ರೂ ಕೂತ್ರಾ? ಆ ಅಜ್ಜ ಇನ್ನೂ ನಿಂತೇ ಇದಾರಲ್ಲ?"

"ಅಜ್ಜ ಮುಂದಿನ ಸ್ಟಾಪಿನಲ್ಲಿ ಇಳೀತಾರೆ. ನಿಂತಿರೋದೇ ಇಳಿಯೋಕೆ!"

ವ್ಯಾನಕ್ಕ ತಿರುಗಿ ನೋಡಿ, "ಕೈ ಒಳಗೆ! ಬ್ಯಾಗು ತೊಡೆ ಮೇಲೆ! ಬಾಗಿಲ ಹತ್ರ ಯಾರದು ಆಟ ಆಡೋದು?" ಎಂದಳು. ಬಾಗಿಲ ಹತ್ತಿರ ನಿಂತಿದ್ದ ದಪ್ಪ ಮೀಸೆಯ ಗೃಹಸ್ಥರು ಯಾಕೆಂದು ಕೇಳದೆ ಒಳಗೆ ಸರಿದು, ಬ್ಯಾಗು ಎದೆಗೆ ಅವಚಿಕೊಂಡರು. ಆ ಗಂಟಲಿಗೆ ಎದುರು ಹೇಳುವ ಮಗು ಇನ್ನೂ ಹುಟ್ಟಿರಲಿಲ್ಲ. ಮಗುವಾಗಿದ್ದದ್ದು ಮರೆತುಹೋದವರಿಗೂ ಅದು ನೆನಪು ತರಿಸುತ್ತಿತ್ತು.

ಬಸ್ಸು ತಿರುಗಿ ಡಿಪೋಗೆ ಬಂದಾಗ ಕಂಟ್ರೋಲರ್ ಗೇಟಿನಲ್ಲೇ ಕಾಯುತ್ತಿದ್ದರು.

"ಬಸ್ಸು ಅಂದ್ರೆ ಏನು ಅಂದ್ಕೊಂಡಿದೀರಿ? ಹತ್ತಿಸ್ಕೊಳ್ಳೋದು ಕಂಡಕ್ಟರ್ ಕೆಲಸ. ಬಿಟ್ಟು ಹೋಗೋದು ಡ್ರೈವರ್ ಕೆಲಸ!"

"ಓಡಿ ಬರ್ತಿದ್ರು ಸಾರ್, ಪಾಪ."

"ಯಾರೇ ಓಡಿ ಬರ್ಲಿ. ನಿಮ್ಮಪ್ಪನೇ ಓಡಿ ಬಂದ್ರೂ ನಿಲ್ಲಿಸಬಾರದು."

"ನಮ್ಮಪ್ಪ ತೀರಿಕೊಂಡು ಬಹಳ ವರ್ಷ ಆಯ್ತು ಸಾರ್."

"ಹಾಗಾದ್ರೆ ನಿಲ್ಲಿಸೋ ಪ್ರಶ್ನೆನೇ ಬರಲ್ಲ!"

ಮರುದಿನ ಗಂಡ ಪ್ರೀತಿಯಿಂದ ಒಂದು ಕೈಗಡಿಯಾರ ರಿಪೇರಿ ಮಾಡಿ ಅವಳ ಕೈಗೆ ಕಟ್ಟಿದ. ಪ್ರೀತಿ ಸರಿಯಾಗಿತ್ತು, ಗಡಿಯಾರ ನಿಧಾನವಿತ್ತು. ಅದರ ಮರುದಿನ ಎದುರುಮನೆಯವರು ಊರಿಗೆ ಹೋದದ್ದರಿಂದ ಕುಕ್ಕರ್ ಕೂಗಲಿಲ್ಲ. ಅತ್ತೆ ಅದು ಕೂಗಲೆಂದು ಕಾದು ಕೂತರು, ಅತ್ತೆ ಹೇಳಲೆಂದು ವ್ಯಾನಕ್ಕ ಕಾದು ಕೂತಳು. ದಿನವೂ ತಡ, ದಿನವೂ ಗೇಟಿನಲ್ಲಿ ಮಂಗಳಾರತಿ. "ಶನಿವಾರ ನಾನೇ ಹತ್ತಿ ನೋಡ್ತೀನಿ, ಅದೇ ಕೊನೇ ಅವಕಾಶ," ಎಂದರು ಕಂಟ್ರೋಲರ್.

ವಾರದ ನಡುವೆ ಒಂದು ದಿನ ವ್ಯಾನಕ್ಕ ಹಲ್ಲು ಕಚ್ಚಿ ನಿರ್ಧಾರ ಮಾಡಿದಳು: ಇವತ್ತು ಬಿಟ್ಟು ಹೋಗುವುದೇ. ಒಂದು ಸ್ಟಾಪಿನಲ್ಲಿ ದಿನಾ ಒಬ್ಬರು ಟೈ ಕಟ್ಟಿಕೊಳ್ಳುತ್ತ ಓಡಿ ಬರುತ್ತಿದ್ದರು. ಯಾವುದೋ ಆಫೀಸಿನ ಗುಮಾಸ್ತರು. ಕಂಡಕ್ಟರ್ ಅವರಿಗೆ 'ಟೈ ಸಾಹೇಬ್ರು' ಎಂದು ಹೆಸರಿಟ್ಟಿದ್ದ. ಅಂದೂ ಬಂದರು. ವ್ಯಾನಕ್ಕ ಕಣ್ಣು ಮುಂದಿಟ್ಟು ಗೇರ್ ಹಾಕಿದಳು. ಆದರೆ ಕನ್ನಡಿ ಎಂಬುದು ಇದೆಯಲ್ಲ. ಒಂದು ಕೈಯಲ್ಲಿ ಟೈ ಬಾಲ ಹಿಡಿದು, ಇನ್ನೊಂದು ಕೈ ಗಾಳಿಗೆ ಎತ್ತಿ, ಮನುಷ್ಯ ಸಣ್ಣಗಾಗುತ್ತಾ ಹೋದದ್ದು ಕಂಡಿತು. ಅಂದು ಮಧ್ಯಾಹ್ನ ಅವಳಿಗೆ ಊಟ ಸೇರಲಿಲ್ಲ.

ಮರುದಿನ ಅದೇ ಸ್ಟಾಪಿನಲ್ಲಿ ಕಿಟಕಿಯಿಂದ ತಲೆ ಹೊರಹಾಕಿದಳು. "ನಿನ್ನೆ ಬಿಟ್ಟು ಹೋದೆ. ಮನಸ್ಸಿಗೆ ಹಚ್ಕೋಬೇಡಿ."

ಏದುಸಿರು ಬಿಡುತ್ತಾ ಟೈ ಸಾಹೇಬರು ನಕ್ಕರು. "ಬಸ್ಸುಗಳು ಬಿಟ್ಟು ಹೋಗೋದು ನನಗೆ ಅಭ್ಯಾಸ ಅಕ್ಕ. ನೀವು ಮೊದಲ್ನೇ ದಿನ ನಿಂತ್ರಲ್ಲ, ಅದಕ್ಕೇ ಗಾಬರಿ ಆಗಿದ್ದು."

ಆ ಮಾತು ಅವಳಿಗೆ ಎಲ್ಲಿ ತಾಗಿತೋ, ವ್ಯಾನಿನ ಗಂಟಲು ಎದ್ದಿತು. "ಮನೇಲಿ ಕನ್ನಡಿ ಇಲ್ವಾ ನಿಮಗೆ? ಅಲ್ಲೇ ಕಟ್ಕೊಂಡು ಬನ್ನಿ ಟೈನ! ನಾನು ನಿಮ್ಮನ್ನ ಬಿಟ್ಟು ಹೋಗೋ ಹಾಗೆ ಮಾಡ್ಬೇಡಿ, ನಂಗೆ ಊಟ ಸೇರಲ್ಲ. ನಾಳೆ ನಾನು ಬರೋದ್ರೊಳಗೆ ಎಲ್ರೂ ಸಾಲಾಗಿ ನಿಂತಿರ್ಬೇಕು. ತಿಳೀತಾ?"

"ತಿಳೀತು," ಎಂದರು ಸ್ಟಾಪಿನಲ್ಲಿದ್ದವರೆಲ್ಲ ಒಟ್ಟಿಗೆ, ರಾಗವಾಗಿ. ಹೇಳಿದ ಮೇಲೆ ಒಬ್ಬರ ಮುಖ ಒಬ್ಬರು ನೋಡಿಕೊಂಡರು.

ಮುಂದಿನ ಸ್ಟಾಪಿನಲ್ಲೂ ಇದೇ ಪಾಠ. ಕಂಡಕ್ಟರ್ ಮೊದಲು ತಲೆ ಚಚ್ಚಿಕೊಂಡ. ಆಮೇಲೆ ಟಿಕೆಟ್ ಹರಿಯುತ್ತಾ ಒಬ್ಬೊಬ್ಬರ ಕಿವಿಯಲ್ಲೂ ಹೇಳತೊಡಗಿದ: "ಶನಿವಾರ ಲೇಟಾದ್ರೆ ಈಯಮ್ಮನ ಕೆಲಸ ಹೋಗುತ್ತೆ. ಸ್ವಲ್ಪ ಬೇಗ ಬನ್ನಿ ಸ್ವಾಮಿ. ಹೊಸ ಡ್ರೈವರ್ ಬಂದ್ರೆ ಮತ್ತೆ ಮೊದಲಿಂದ ಪಳಗಿಸೋಕೆ ನಂಗೆ ವಯಸ್ಸಿಲ್ಲ."

ಶನಿವಾರ ಬಂತು. ಬೆಳಕು ಹರಿಯುವ ಮೊದಲೇ ನಡುಮನೆಯಲ್ಲಿ ಯಾರೋ ಕಿರುಚಿದ ಹಾಗಾಗಿ ಮನೆಯವರೆಲ್ಲ ಎದ್ದು ಕೂತರು. ನೋಡಿದರೆ ಕೋಗಿಲೆ! ಇಷ್ಟು ವರ್ಷ ಮರೆತಿದ್ದ ಮಾತೆಲ್ಲ ಒಟ್ಟಿಗೆ ನೆನಪಾದಂತೆ ಒಂದೇ ಸಮನೆ ಕೂಗುತ್ತಿತ್ತು. ಗಂಡ, "ನೋಡಿದ್ಯಾ, ನಾನು ಮುಟ್ಟಿದ್ದು ಯಾವತ್ತಾದ್ರೂ ಒಂದಿನ ಸರಿಹೋಗುತ್ತೆ," ಎಂದ. "ಯಾವತ್ತಾದ್ರೂ ಅನ್ನೋದು ಯಾವತ್ತು ಅಂತ ನಿನ್ನ ಗಡಿಯಾರಕ್ಕೇ ಗೊತ್ತಿರಲ್ವಲ್ಲೋ," ಎಂದರು ಅತ್ತೆ. ಏನೇ ಆಗಲಿ, ಅಂದು ವ್ಯಾನಕ್ಕ ಡಿಪೋಗೆ ನಡೆದುಕೊಂಡೇ ಹೋದಳು. ದಾರಿಯಲ್ಲಿ ಬೂಟಿನ ಅಟ್ಟೆ ಬಾಯಿ ಬಿಟ್ಟಿತು. ಅದನ್ನು ಒಂದು ದಾರದಲ್ಲಿ ಬಿಗಿದು, ಸೀಟು ಹತ್ತಿ ಕೂತಳು.

ಕಂಟ್ರೋಲರ್ ತಾವೇ ಬಂದು ಅವಳ ಹಿಂದಿನ ಸೀಟಿನಲ್ಲಿ ಆಸೀನರಾದರು. ಕೈಗಡಿಯಾರವನ್ನು ಕಣ್ಣಿನ ಮಟ್ಟಕ್ಕೆ ಹಿಡಿದು, "ಹೂಂ, ನಡೀಲಿ," ಎಂದರು.

ಮೊದಲ ಸ್ಟಾಪಿನಲ್ಲಿ ಜನ ಸಾಲಾಗಿ ನಿಂತಿದ್ದರು. ಹತ್ತಿದರು, ಕೂತರು, ಬ್ಯಾಗು ತೊಡೆಯ ಮೇಲೆ ಬಂತು. "ರೈಟ್!" ಬಸ್ಸು ಹೊರಟಿತು. ಎರಡನೆಯ ಸ್ಟಾಪಿನಲ್ಲೂ ಹಾಗೇ. ಮೂರನೆಯದರಲ್ಲಿ ಟೈ ಸಾಹೇಬರು ಎಲ್ಲರಿಗಿಂತ ಮುಂದೆ, ಕುತ್ತಿಗೆಗೆ ಸೊಗಸಾಗಿ ಟೈ ಬಿಗಿದು, ಮದುವೆ ಗಂಡಿನ ಹಾಗೆ ನಿಂತಿದ್ದರು. ಕನ್ನಡಿಯಲ್ಲಿ ಓಡುವವರು ಒಬ್ಬರೂ ಇಲ್ಲ. ಖಾಲಿ ರಸ್ತೆ ಅಷ್ಟು ಚೆನ್ನಾಗಿರುತ್ತದೆಂದು ವ್ಯಾನಕ್ಕನಿಗೆ ಗೊತ್ತೇ ಇರಲಿಲ್ಲ.

ಎಲ್ಲ ಸುಸೂತ್ರವಾದರೆ ಅದು ಅವಳ ಬಾಳಲ್ಲ. ಒಂದು ಗಲ್ಲಿಯಲ್ಲಿ ಲಾರಿ ಅಡ್ಡ ನಿಂತು, ಇಬ್ಬರು ಆಳುಗಳು ಒಂದು ಸೋಫಾವನ್ನು ಬಾಗಿಲಿಗೆ ತೂರಿಸುತ್ತಾ, ಆಗಾಗ ಅದರ ಮೇಲೇ ಕೂತು ಸುಧಾರಿಸಿಕೊಳ್ಳುತ್ತಿದ್ದರು. ವ್ಯಾನಕ್ಕ ಕಿಟಕಿ ಸರಿಸಿದಳು. "ಏಯ್! ಅದನ್ನ ಒಳಗೆ ಹಾಕಿ ಆಮೇಲೆ ಕೂತ್ಕೊಳ್ರೋ! ಪಕ್ಕಕ್ಕೆ ವಾಲಿಸಿ! ಇನ್ನೂ! ಹಾಂ!" ಇಷ್ಟು ಹೊತ್ತು ಹಟ ಮಾಡಿದ್ದ ಸೋಫಾ ಬಾಲ ಮುದುರಿಕೊಂಡು ಒಳಗೆ ಹೋಯಿತು.

ಕೊನೆಯದಕ್ಕೆ ಮುಂಚಿನ ಸ್ಟಾಪು ತಲುಪಿದಾಗ ಸಮಯ ಸರಿಯಾಗಿ ಉಳಿದಿತ್ತು, ಒಂದು ಉಸಿರು ಹೆಚ್ಚಿಲ್ಲ. ಆಗ ಕಂಟ್ರೋಲರ್ ಸಾಹೇಬರ ಫೋನು ಬಡಿದುಕೊಂಡಿತು. "ಯಾರು? ಕೇಳಿಸ್ತಿಲ್ಲ... ಇರು, ಇಳಿದು ಮಾತಾಡ್ತೀನಿ," ಎಂದು ಅವರು ಕೆಳಗಿಳಿದು, ಒಂದು ಅಂಗಡಿಯ ಮುಂದೆ ಬೆನ್ನು ಹಾಕಿ ನಿಂತರು.

ಜನ ಹತ್ತಿದರು. ಕೂತರು. ಕಂಡಕ್ಟರ್ ಬಾಯಿ ತೆರೆದ, ಮುಚ್ಚಿದ. ಅವನ ಇಡೀ ಸರ್ವಿಸಿನಲ್ಲಿ 'ರೈಟ್' ಗಂಟಲಲ್ಲಿ ಸಿಕ್ಕಿಕೊಂಡದ್ದು ಅದೊಂದೇ ಸಲ.

ವ್ಯಾನಕ್ಕ ಎರಡು ಸಲ ಹಾರ್ನ್ ಹೊಡೆದಳು. ಕಂಟ್ರೋಲರ್ ತಿರುಗದೆ ಒಂದು ಬೆರಳೆತ್ತಿದರು: ಒಂದು ನಿಮಿಷ.

ಆ ಬೆರಳು ವ್ಯಾನಕ್ಕನಿಗೆ ಹಳೆಯ ಪರಿಚಯ. ಎಷ್ಟು ಮನೆಗಳ ಬಾಗಿಲಲ್ಲಿ ನೋಡಿಲ್ಲ! ಆ ಒಂದು ನಿಮಿಷ ಎಷ್ಟು ಉದ್ದವಿರುತ್ತದೆಂದು ಅವಳಿಗಿಂತ ಚೆನ್ನಾಗಿ ಬಲ್ಲವರಿಲ್ಲ. ನಿಂತರೆ ಬಸ್ಸು ತಡ, ಕೆಲಸ ಹೋಯಿತು. ಹೊರಟರೆ ಕೆಲಸ ಕೊಡಬೇಕಾದವರೇ ರಸ್ತೆಯಲ್ಲಿ. ಕನ್ನಡಿ ನೋಡಿದಳು. ಬಸ್ಸು ತುಂಬ ಜನ, ಬ್ಯಾಗು ತೊಡೆಯ ಮೇಲಿಟ್ಟುಕೊಂಡು, ಅವಳು ಹೇಳಿದ್ದೆಲ್ಲ ಕೇಳಿ, ಬೇಗ ಎದ್ದು ಬಂದವರು, ಅವಳ ಬೆನ್ನನ್ನೇ ನೋಡುತ್ತಿದ್ದರು. ಇಷ್ಟು ಮಂದಿ ಒಬ್ಬರಿಗಾಗಿ ಕಾಯಬೇಕೆ?

ಗೇರ್ ಹಾಕಿದಳು.

"ರೈಟ್!" ಎಂದ ಕಂಡಕ್ಟರ್. ಅದು ಕೂಗಲ್ಲ, ಘೋಷಣೆ.

ಕನ್ನಡಿಯಲ್ಲಿ ಕಂಟ್ರೋಲರ್ ತಿರುಗಿದ್ದು, ಗಾಬರಿಯಾದದ್ದು, ಓಡತೊಡಗಿದ್ದು ಕಂಡಿತು. ಒಂದು ಕೈಯಲ್ಲಿ ಫೋನು. ಇನ್ನೊಂದು ಕೈಯ ಭಾರದ ಗಡಿಯಾರ ಅವರನ್ನು ಒಂದು ಪಕ್ಕಕ್ಕೆ ಎಳೆಯುತ್ತಿತ್ತು.

"ಅಕ್ಕ, ಸಾಹೇಬ್ರು ಓಡಿ ಬರ್ತಿದಾರೆ!" ಎಂದರು ಟೈ ಸಾಹೇಬರು.

"ಕಾಣ್ತಿದೆ."

"ನಿಲ್ಲಿಸಲ್ವಾ?"

"ನಮ್ಮಪ್ಪನೇ ಓಡಿ ಬಂದ್ರೂ ನಿಲ್ಲಿಸಬಾರದು ಅಂತ ಅವರೇ ಹೇಳಿದಾರೆ."

ಹಿಂದಿನ ಸೀಟಿನಲ್ಲಿ ಯಾರೋ ಚಪ್ಪಾಳೆ ಹೊಡೆದರು. ಬಸ್ಸೆಲ್ಲ ಜೊತೆಗೂಡಿತು. ಕೊನೆಯ ಸ್ಟಾಪಾದ ಬಸ್ ನಿಲ್ದಾಣದ ದೊಡ್ಡ ಗಡಿಯಾರದ ಮುಳ್ಳು ತನ್ನ ಜಾಗಕ್ಕೆ ಬರುವುದಕ್ಕೂ ಬಸ್ಸು ಅದರ ಕೆಳಗೆ ನಿಲ್ಲುವುದಕ್ಕೂ ಸರಿಹೋಯಿತು. ಜನ ಇಳಿಯುವಾಗ ಅಂದು ಮಾತ್ರ ಸಾಲು ಮುರಿದು, ಡ್ರೈವರ್ ಕಿಟಕಿಯ ಮುಂದಿನಿಂದಲೇ ಹಾದುಹೋದರು.

ಜನ ಹೋದ ಮೇಲೆ ವ್ಯಾನಕ್ಕ ಬಸ್ಸನ್ನು ನಿಲ್ದಾಣದ ಹಿಂದಿನ ಡಿಪೋಗೆ ತಂದು ನಿಲ್ಲಿಸಿದಳು. ಕಂಟ್ರೋಲರ್ ಬಂದದ್ದು ಹಿಂದಿನ ಬಸ್ಸಿನಲ್ಲಿ. ಅದು ತಡವಾಗಿತ್ತು. ಬೆವರು ಒರೆಸಿಕೊಳ್ಳುತ್ತಾ ಒಳಗೆ ಬಂದರೆ ಡಿಪೋದ ಡ್ರೈವರುಗಳೆಲ್ಲ ಏನೋ ಕೆಲಸವಿದ್ದವರ ಹಾಗೆ ಅಲ್ಲೇ ಸುಳಿದಾಡುತ್ತಿದ್ದರು.

"ಟೈಮಿಗೆ ಬಂತಾ?" ಎಂದು ಕಂಡಕ್ಟರನ್ನು ಕೇಳಿದರು.

"ಮುಳ್ಳಿನ ಮೇಲೆ ಬಂತು ಸಾರ್."

"ನಾನಿಲ್ದೆ!"

"ನೀವಿಲ್ದೇ ಇದ್ದಿದ್ದಕ್ಕೇ ಸಾರ್."

ಕಂಟ್ರೋಲರ್ ವ್ಯಾನಕ್ಕನ ಕಡೆ ತಿರುಗಿದರು. ಅವಳು ಎದ್ದು ನಿಂತಳು. "ನೀವು ಓಡಿ ಬರೋದು ನೋಡಿ ಹೊಟ್ಟೆ ಚುರುಕ್ ಅಂತು ಸಾರ್. ಸುಳ್ಳು ಹೇಳಲ್ಲ."

"ನಂಗೆ ಹಿಮ್ಮಡಿ ಚುರುಕ್ ಅಂತು," ಎಂದರು ಕಂಟ್ರೋಲರ್. ಮುಖ ಗಂಟು ಹಾಕಿಕೊಂಡೇ ಬಿಸ್ಕತ್ ಡಬ್ಬಿಗೆ ಕೈಹಾಕಿ ಕೀ ತೆಗೆದು, ಸಾಲಿನ ಕೊನೆಯ ಖಾಲಿ ಕೊಕ್ಕೆಗೆ ತೂಗಿಹಾಕಿದರು. ಅದು ಸ್ವಲ್ಪ ಹೊತ್ತು ತೂಗಾಡಿ ನಿಂತಿತು. ಬಳಪ ಕೈಗೆತ್ತಿಕೊಂಡು, "ಹೆಸರೇನು ಬರೀಲಿ?" ಎಂದರು.

"ವ್ಯಾನಕ್ಕ ಅಂತ್ಲೇ ಬರೀರಿ ಸಾರ್," ಎಂದ ಕಂಡಕ್ಟರ್. "ಬೇರೆ ಹೆಸರು ಬರೆದ್ರೆ ಯಾರ ಕೀ ಅಂತ ಅವಳಿಗೇ ಗೊತ್ತಾಗಲ್ಲ."

ಮನೆಯಲ್ಲಿ ಅತ್ತೆ ಕಥೆಯನ್ನು ಎರಡು ಸಲ ಹೇಳಿಸಿಕೊಂಡರು. "ಮೇಲಿನವರನ್ನೇ ರಸ್ತೇಲಿ ಬಿಟ್ಟು ಬಂದ್ಯಾ? ಭೇಷ್ ಕಣೇ! ಇವನನ್ನೂ ಒಂದಿನ ಹಾಗೇ ಬಿಟ್ಟು ಹೋಗು. ಆಗಲಾದ್ರೂ ಗಡಿಯಾರ ಸರಿಮಾಡ್ತಾನೆ." ಗಂಡ ಕೋಗಿಲೆಯ ಬೆನ್ನು ಬಿಚ್ಚಿಕೊಂಡು ಕೂತಿದ್ದ. ಬೆಳಿಗ್ಗೆಯಿಂದ ಅದು ಬಾಯಿ ಮುಚ್ಚಿರಲಿಲ್ಲ.

ಸೋಮವಾರ ಆ ಕೊನೆಯದಕ್ಕೆ ಮುಂಚಿನ ಸ್ಟಾಪಿನಲ್ಲಿ ಸಾಲಿನ ತುದಿಗೆ ಒಬ್ಬ ತೆಳ್ಳಗಿನ ಮನುಷ್ಯ, ಫೋನು ಜೇಬಿನಲ್ಲಿಟ್ಟು, ಬಸ್ಸು ಕಾಣುವ ಮೊದಲೇ ಬಂದು ನಿಂತಿದ್ದರು. ಹಾರ್ನ್ ಹೊಡೆಯುವ ಅಗತ್ಯವೇನೂ ಇರಲಿಲ್ಲ. ವ್ಯಾನಕ್ಕ ಎರಡು ಸಲ ಹೊಡೆದಳು.