ಇಪ್ಪತ್ತೊಂದನೆಯವರು

ದೊಡ್ಡ ಸಿಸ್ಟರಿಗೆ ಐವತ್ತೆಂಟು ವರ್ಷ. ಅದರಲ್ಲಿ ಮೂವತ್ತು, ವಯಸ್ಸಾದ ರೋಗಿಗಳ ಈ ನರ್ಸಿಂಗ್ ಹೋಮಿನ ಒಂದೇ ಉದ್ದನೆಯ ವಾರ್ಡಿನಲ್ಲಿ ಸವೆದುಹೋಗಿದೆ. ಬೆನ್ನು ಹುಣ್ಣಾಗದಂತೆ ಎರಡೆರಡು ಗಂಟೆಗೊಮ್ಮೆ ಮಗ್ಗುಲು ಬದಲಿಸುವುದರಲ್ಲಿ, ಮೂಗಿನ ನಳಿಗೆಯಲ್ಲಿ ಆಹಾರ ಇಳಿಸುವುದರಲ್ಲಿ ಅವರನ್ನು ಮೀರಿಸುವವರಿಲ್ಲ. ಮೀರಿಸುವವರು ಹಾಗಿರಲಿ, ಕೈಜೋಡಿಸುವವರೂ ಇಲ್ಲವೆನ್ನುವುದೇ ಈಗಿನ ತಾಪತ್ರಯ.

ಎದುರಿಗೆ ಗಾಜಿನ ಗೋಡೆಯ ದೊಡ್ಡ ಆಸ್ಪತ್ರೆ ಎದ್ದ ಮೇಲೆ ಇಲ್ಲಿಯ ನರ್ಸುಗಳು ಒಬ್ಬೊಬ್ಬರಾಗಿ ರಸ್ತೆ ದಾಟಿದರು. ಜಾಹೀರಾತು ನೋಡಿ ಬಂದ ಹೊಸಬಳು ಬೆಳಗಿನ ಒಂದು ಸುತ್ತು ಮುಗಿಸಿ, "ಊಟ ಮಾಡ್ಕೊಂಡು ಬರ್ತೀನಿ ಮೇಡಂ" ಎಂದು ಹೋದವಳು, ಮೂರು ತಿಂಗಳಾದರೂ ಊಟ ಮಾಡುತ್ತಲೇ ಇದ್ದಾಳೆ. ಹಗಲಿಗೆ ಉಳಿದದ್ದು ದೊಡ್ಡ ಸಿಸ್ಟರು ಮತ್ತು ಅವರಿಗಿಂತ ಸೊಂಟನೋವು ಜಾಸ್ತಿಯಿರುವ ಇನ್ನೊಬ್ಬ ನರ್ಸು. ನಿಯಮದ ಪ್ರಕಾರ ಹತ್ತು ರೋಗಿಗಳಿಗೆ ಒಬ್ಬ ನರ್ಸು. ರೋಗಿಗಳು ಇಪ್ಪತ್ತೊಂದು. ಆ ಒಬ್ಬರ ಸಲುವಾಗಿ ಮೂರನೆಯ ನರ್ಸು ಬೇಕು. ಇಲ್ಲದಿದ್ದರೆ ಪರವಾನಗಿ ರದ್ದು, ಬಾಗಿಲಿಗೆ ಬೀಗ.

ಆ ಒಬ್ಬರೆಂದರೆ ಏಳನೇ ಹಾಸಿಗೆಯ ಸಿಸ್ಟರಜ್ಜಿ. ಎಂಬತ್ತಮೂರು ವರ್ಷ, ಒಂದು ಕಾಲದಲ್ಲಿ ನರ್ಸು, ಹಿಂದೆಮುಂದೆ ಯಾರೂ ಇಲ್ಲ. ತಾನು ನಿವೃತ್ತಳಾದದ್ದನ್ನು ತಲೆ ಮರೆತಿತ್ತು, ಕೈ ಮಾತ್ರ ಕೆಲಸ ಮರೆತಿರಲಿಲ್ಲ. ಬೆಳಗಾದರೆ ಬಿಳಿ ಕೋಟು ತೊಟ್ಟು ಡ್ಯೂಟಿಗೆ ಹೊರಡುತ್ತಿದ್ದರು. ತಡೆದರೆ ಅಳು. ಅದಕ್ಕೇ ದೊಡ್ಡ ಸಿಸ್ಟರು ಬಾಗಿಲ ಬಳಿ ಕುರ್ಚಿ ಹಾಕಿ, ಕೈಗೊಂದು ಬಿಪಿ ಯಂತ್ರ ಕೊಟ್ಟಿದ್ದರು. ಅಂದಿನಿಂದ ಒಳಗೆ ಕಾಲಿಟ್ಟವನು ಹಾಲಿನವನಾದರೂ ಸರಿ, ತೋಳು ಚಾಚದೆ ಮುಂದೆ ಹೋಗುವಂತಿರಲಿಲ್ಲ.

ಪರವಾನಗಿ ತಪಾಸಣೆಯ ದಿನ ದೊಡ್ಡ ಸಿಸ್ಟರು ಒಬ್ಬ ಅಜ್ಜನ ಮಗ್ಗುಲು ಬದಲಿಸಿ ಬರುವಷ್ಟರಲ್ಲಿ, ತಪಾಸಣೆಗೆ ಬಂದಿದ್ದ ಅಧಿಕಾರಿ ಕಾಣೆ. ಕಾರು ಹೊರಗಿದೆ, ಫೈಲು ಮೇಜಿನ ಮೇಲಿದೆ, ಮನುಷ್ಯನಿಲ್ಲ. ಹುಡುಕಿದರೆ ಖಾಲಿ ಹಾಸಿಗೆಯೊಂದರಲ್ಲಿ ಬೂಟು ಕಳಚಿ ಮಲಗಿದ್ದಾರೆ, ಮಣಿಕಟ್ಟಿಗೆ ರೋಗಿಯ ಗುರುತಿನ ಪಟ್ಟಿ ಬೇರೆ! ಪಕ್ಕದಲ್ಲಿ ಸಿಸ್ಟರಜ್ಜಿ ಕಾವಲು.

"ನಾನು ಇನ್‌ಸ್ಪೆಕ್ಷನ್‌ಗೆ ಬಂದಿರೋ ಆಫೀಸರು ಅಂತ ನಾಲ್ಕು ಸಲ ಹೇಳ್ದೆ" ಎಂದರು ಅಧಿಕಾರಿ, ದೀನರಾಗಿ.

"ಮೊದಲ ದಿನ ಎಲ್ಲಾರೂ ಹಂಗೇ ಹೇಳ್ತಾರೆ" ಎಂದರು ಸಿಸ್ಟರಜ್ಜಿ. "ಹೋದ ವರ್ಷ ಒಬ್ಬರು ಜಡ್ಜು ಅಂದಿದ್ರು. ಬಿಪಿ ನೂರಾ ತೊಂಬತ್ತಿದೆ. ಅಲ್ಲಾಡಬೇಡಿ."

ದೊಡ್ಡ ಸಿಸ್ಟರು ತಾವೇ ಅಳೆದರು. ನೂರಾ ತೊಂಬತ್ತೇ. ಡಾಕ್ಟರು ಓಡಿ ಬಂದರು, ಮಾತ್ರೆ ಕೊಟ್ಟರು. ಒಂದು ಗಂಟೆ ಕಳೆದ ಮೇಲೆ ಅಧಿಕಾರಿ ಎದ್ದು ಕೂತು, ಸಿಸ್ಟರಜ್ಜಿಯತ್ತ ನೋಡಿ ಪೆನ್ನು ತೆಗೆದರು.

"ಮೂರು ಜನ ನರ್ಸು, ಅದ್ರಲ್ಲೂ ಇಂಥ ಅನುಭವಸ್ಥರು. ಪರವಾನಗಿಗೆ ಏನೂ ತೊಂದರೆ ಇಲ್ಲ ಬಿಡಿ."

ದೊಡ್ಡ ಸಿಸ್ಟರು ಆ ಪೆನ್ನನ್ನೇ ನೋಡಿದರು. ಬಾಯಿ ಮುಚ್ಚಿಕೊಂಡಿದ್ದರೆ ಸಾಕು, ಎಲ್ಲ ಸಲೀಸು. ಆದರೆ ಮೂವತ್ತು ವರ್ಷದಲ್ಲಿ ಕೊಡದ ಔಷಧಿಯನ್ನು ಕೊಟ್ಟೆನೆಂದು ಒಮ್ಮೆಯೂ ಚಾರ್ಟಿನಲ್ಲಿ ಬರೆದವರಲ್ಲ. ಕೆಟ್ಟ ಅಭ್ಯಾಸ, ಆ ಹೊತ್ತಿಗೂ ಬಿಡಲಾಗಲಿಲ್ಲ.

"ಸಾರ್, ಅವರು ನರ್ಸಲ್ಲ. ಅಂದ್ರೆ, ನರ್ಸೇ. ಆದ್ರೆ ಪೇಷಂಟು."

ಪೆನ್ನು ಅಲ್ಲೇ ನಿಂತಿತು. "ಹಾಗಾದ್ರೆ ಇಪ್ಪತ್ತೊಂದು ಪೇಷಂಟು, ಇಬ್ಬರು ನರ್ಸು. ನನ್ನ ಕೈಲಿ ಏನಿದೆ ಸಿಸ್ಟರ್? ಒಬ್ಬರು ಕಮ್ಮಿ ಇದ್ದಿದ್ರೆ ಸಹಿ ಹಾಕ್ಬಿಡ್ತಿದ್ದೆ."

ದೊಡ್ಡ ಸಿಸ್ಟರು ವಾರ್ಡಿನುದ್ದಕ್ಕೂ ಕಣ್ಣಾಡಿಸಿದರು. ಇಪ್ಪತ್ತು ಮಂದಿ ಎದ್ದು ಕೂರಲಾರದವರು. ನಡೆಯಬಲ್ಲವರು ಒಬ್ಬರೇ, ಅವರಿಗೆ ನಡೆದುಹೋಗಲು ಮನೆಯಿಲ್ಲ. ಆಮೇಲೆ ಗಂಡನಿಗೆ ಫೋನು ಮಾಡಿದರು.

"ರೀ, ಟಿವಿ ರೂಮು ಖಾಲಿ ಮಾಡಿ. ಅಮ್ಮ ಬರ್ತಾರೆ."

"ನಿಮ್ಮಮ್ಮ ತೀರ್ಕೊಂಡು ಹತ್ತು ವರ್ಷ ಆಯ್ತಲ್ಲೇ!"

"ಇವರು ಬೇರೆ ಅಮ್ಮ" ಎಂದು ಫೋನು ಇಟ್ಟರು. ಡಾಕ್ಟರಿಂದ ಡಿಸ್ಚಾರ್ಜ್ ಚೀಟಿ ಬರೆಸಿ ಅಧಿಕಾರಿಯ ಮುಂದೆ ಹಿಡಿದರು.

ಅಧಿಕಾರಿ ಓದಿ ಹುಬ್ಬೇರಿಸಿದರು. "ನಾಳೆ ಮತ್ತೆ ಇಲ್ಲಿಗೇ ಕರ್ಕೊಂಡು ಬರ್ತೀರಿ, ಅಲ್ವಾ?"

"ನನ್ನ ಜೊತೆ ಬರ್ತಾರೆ, ನನ್ನ ಜೊತೆ ಹೋಗ್ತಾರೆ. ಬಂದವರು ನೆಂಟರು ಸಾರ್. ನೆಂಟರನ್ನ ಎಣಿಸೋ ರೂಲಿದ್ರೆ ತೋರಿಸಿ."

ಅಧಿಕಾರಿ ಫೈಲನ್ನು ಹಿಂದೆ ಮುಂದೆ ತಿರುವಿದರು. ಅಂಥ ರೂಲು ಸಿಗಲಿಲ್ಲ. ಕೈ ಮುಂದೆ ಚಾಚಿ, "ಮೊದ್ಲು ಈ ಪಟ್ಟಿ ಕತ್ತರಿಸಿ. ಇಲ್ಲಾಂದ್ರೆ ಮತ್ತೆ ಇಪ್ಪತ್ತೊಂದಾಗುತ್ತೆ" ಎಂದರು. ಪಟ್ಟಿ ಬಿತ್ತು, ಸಹಿಯೂ ಬಿತ್ತು.

ಮರುದಿನ ಬೆಳಿಗ್ಗೆ ದೊಡ್ಡ ಸಿಸ್ಟರು ಎದ್ದು ಬರುವಷ್ಟರಲ್ಲಿ ಸಿಸ್ಟರಜ್ಜಿ ಕೋಟು ತೊಟ್ಟು ತಯಾರು. ಮನೆಯ ಯಜಮಾನರು ತೋಳು ಚಾಚಿ ಕೂತಿದ್ದರು.

"ಇವರಿಗೇನಿಲ್ಲ, ಬರೀ ಸೋಮಾರಿತನ" ಎಂದು ಸಿಸ್ಟರಜ್ಜಿ ಯಂತ್ರ ಮಡಚಿದರು. "ಹೊರಡೇ ಬೇಗ. ಪೇಷಂಟುಗಳು ಕಾಯ್ತಿದ್ದಾರೆ."

"ಎಷ್ಟು ಜನ ಪೇಷಂಟಮ್ಮ ನಮಗೆ?" ಎಂದರು ದೊಡ್ಡ ಸಿಸ್ಟರು, ಸುಮ್ಮನೆ.

"ಇಪ್ಪತ್ತು ಕಣೇ. ಯಾವತ್ತಾದ್ರೂ ಇಪ್ಪತ್ತಕ್ಕಿಂತ ಜಾಸ್ತಿ ಇತ್ತಾ?"

ದೊಡ್ಡ ಸಿಸ್ಟರಿಗೆ ನಗು ಬಂತು, ಹಿಂದೆಯೇ ಕಣ್ಣಲ್ಲಿ ನೀರೂ ಬಂತು. "ಇಲ್ಲಮ್ಮ, ಯಾವತ್ತೂ ಇರ್ಲಿಲ್ಲ" ಎಂದು ಚಪ್ಪಲಿ ಮೆಟ್ಟಿಕೊಂಡರು.