ಬೋಣಿಗೆ ತಡವಾಗಿ ಬಂದ ಬೋರ್ಡು

ನಯನಾ ಚಾಮರಾಜನಗರದಲ್ಲಿ ಭೌತಶಾಸ್ತ್ರ ಓದಿ, ಬದನಗುಪ್ಪೆಯ ಕಾರ್ಖಾನೆಯೊಂದರಲ್ಲಿ ಗುಣಮಟ್ಟ ಪರೀಕ್ಷಿಸುವ ಕೆಲಸಕ್ಕೆ ಸೇರಿದವಳು. ಊಟದ ಬಿಡುವಿನಲ್ಲಿ ಮೊಬೈಲ್ ನೋಡಿಕೊಂಡೇ ಜಾವಾಸ್ಕ್ರಿಪ್ಟ್ ಕಲಿತಳು. ಕಲಿತದ್ದು ನಾಲ್ಕು ಜನರ ಮುಂದೆ ನಡೆಯಬೇಕು ಎಂಬ ಹಟ ಅವಳದು. ಗುಂಡ್ಲುಪೇಟೆ ಪಕ್ಕದ ಚೆಂಡು ಹೂ ಬೆಳೆಗಾರರ ಸಂಘಕ್ಕೆ ತೂಕದ ವೆಬ್ ಪುಟ ಬರೆದುಕೊಡುತ್ತೇನೆಂದು ತಾನೇ ಹೋಗಿ ಕೇಳಿದಳು.

ಅಲ್ಲಿಯವರೆಗೆ ಒಬ್ಬ ಮೈಕ್ ಹಿಡಿದು ಪ್ರತಿ ಬುಟ್ಟಿಯ ತೂಕ ಕೂಗುತ್ತಿದ್ದ. ನಯನಾ ಮನೆಯಲ್ಲಿ ಬರೆದ ಮೊದಲ ಪುಟದಲ್ಲಿ ತಕ್ಕಡಿಯ ಭಾಗ ಚೀಟಿ ಮುದ್ರಿಸುವ ಭಾಗವನ್ನು ಕರೆಯುತ್ತಿತ್ತು, ಅದು ಎಲ್ಲರಿಗೂ ತೂಕ ತೋರಿಸುವ ಪರದೆಯ ಬೋರ್ಡನ್ನು ಕರೆಯುತ್ತಿತ್ತು. ಕಾಗದ ಸಿಕ್ಕಿಕೊಂಡರೆ ಬೋರ್ಡೂ ನಿಂತುಬಿಡುತ್ತಿತ್ತು. ಹಾಗಾಗಿ ಅದನ್ನು ಬಿಚ್ಚಿ ಮತ್ತೆ ಕಟ್ಟಿದಳು. ಈಗ ತಕ್ಕಡಿ ಯಾರನ್ನೂ ಹೆಸರು ಹಿಡಿದು ಕರೆಯುವುದಿಲ್ಲ. ‘ತೂಕವಾಯಿತು’ ಎಂದು ಒಮ್ಮೆ ಸಾರುತ್ತದೆ, ಅಷ್ಟೆ. ಈ ಸಾರುವಿಕೆಗೆ ಜಾವಾಸ್ಕ್ರಿಪ್ಟಿನಲ್ಲಿ ಇವೆಂಟ್ ಎನ್ನುತ್ತಾರೆ. ಚೀಟಿ, ಬೋರ್ಡು, ಲಾರಿಗೆ ಏರುವ ಹೂವಿನ ಲೆಕ್ಕ ಎಲ್ಲವೂ ಅದಕ್ಕೆ ಕಿವಿಗೊಟ್ಟಿದ್ದು, ಕೇಳಿದೊಡನೆ ತಮ್ಮ ತಮ್ಮ ಕೆಲಸ ಮಾಡಿಕೊಳ್ಳುತ್ತವೆ.

ಓಣಂ ಹಿಂದಿನ ವಾರ, ಸಂಘದ ಅಂಗಳದಲ್ಲಿ ಪುಟಕ್ಕೆ ಮೊದಲ ದಿನ. ಕೇರಳದ ವ್ಯಾಪಾರಿಗಳೂ ಬಂದಿದ್ದರು.

“ನೋಡವ್ವಾ, ಇವತ್ತು ನೆಟ್ಗೆ ನಡದ್ರೆ ಇರ್ಲಿ. ಕೈ ಕೊಟ್ರೆ ನಾಳಿಂದ ಮೈಕೇ ಸೈ,” ಎಂದರು ಅಧ್ಯಕ್ಷ ದೊಡ್ಡಮಲ್ಲಪ್ಪ.

“ನಡೀತದೆ ಬುಡಿ, ದೊಡ್ಡಪ್ಪ.”

ಆ ಅಂಗಳದಲ್ಲಿ ದಿನದ ಮೊದಲ ಬುಟ್ಟಿ ಬೋಣಿಯದು. ಅದನ್ನು ತೂಗಿ, ಹೂವನ್ನು ವ್ಯಾಪಾರಿಗಳಿಗೆಲ್ಲ ಬೊಗಸೆ ಬೊಗಸೆ ಹಂಚುತ್ತಾರೆ. ಬೋಣಿಯ ತೂಕ ಎಲ್ಲರಿಗೂ ಗೊತ್ತಾಗುವವರೆಗೆ ಯಾರೂ ದರ ಕೂಗುವುದಿಲ್ಲ. ಅಂದಿನ ಬೋಣಿ ಬೆಳೆಗಾರ್ತಿ ರಾಚಮ್ಮನ ಮನೆಯದು. ಕಂಪ್ಯೂಟರಿನ ಪರದೆ ಬೆಳಗಿದ್ದೇ ತಡ, ಆಕೆ ಬುಟ್ಟಿಯನ್ನು ತಕ್ಕಡಿಗೆ ಇಟ್ಟೇಬಿಟ್ಟಳು. ಚೀಟಿ ಬಂತು. ಬುಟ್ಟಿ ಇಳಿಯಿತು. ಆಮೇಲೆ ತೆರೆದುಕೊಂಡ ಬೋರ್ಡು ಖಾಲಿಯಾಗಿತ್ತು.

“ಬೋಣಿನೇ ಕಾಣ್ನಿಲ್ವಲ್ಲ, ರೇಟ್ ಎಂಗ್ಲಾ ಕೂಗದು?” ಎಂದ ವ್ಯಾಪಾರಿ ಸೋಮೇಶ್.

“ಕಂಪ್ಯೂಟ್ರು ಇನ್ನೂ ಮೊಕ ತೊಳ್ದಿಲ್ಲ ಕಣ್ಲಾ,” ಎಂದಿತು ಹಿಂದಿನಿಂದ ಒಂದು ದನಿ. ಎಲ್ಲರೂ ನಕ್ಕರು. ದೊಡ್ಡಮಲ್ಲಪ್ಪ ನಗಲಿಲ್ಲ.

“ರಾಚಕ್ಕ, ಇನ್ನೊಂದ್ಸಲ ಇಡ್ತೀರಾ?” ಎಂದಳು ನಯನಾ.

ರಾಚಮ್ಮ ಆಗಲೇ ಹೂ ಹಂಚುತ್ತಿದ್ದಳು. “ಬೋಣಿನ ಎಲ್ಡು ಸಲ ತೂಗ್ತಾರಾ ಅಮ್ಮಿ? ಅರ್ಧ ಹಂಚ್ಬುಟ್ಟೆ ಕಣೆ.”

ನಯನಾ ಯೋಚಿಸಿದಳು. ಚೀಟಿ ಬಂದಿದೆ, ಅಂದರೆ ತಕ್ಕಡಿ ಸಾರಿದೆ. ಬೋರ್ಡು ಮಾತ್ರ ಹಿಂದಿನ ದಿನದ ದರವನ್ನು ಇಂಟರ್ನೆಟ್ಟಿನಿಂದ ತಂದುಕೊಂಡ ಮೇಲೆ ಕಿವಿಗೊಡುತ್ತದೆ. ಮನೆಯಲ್ಲಿ ಅವಳು ಪರೀಕ್ಷಿಸುವಾಗ ಎಲ್ಲವೂ ತೆರೆದ ಮೇಲೆಯೇ ತೂಕ ಇಡುತ್ತಿದ್ದಳು. ಸಾರಿದ್ದು ಗಾಳಿಯಲ್ಲಿ ಉಳಿಯುವುದಿಲ್ಲ. ಆ ಗಳಿಗೆಯಲ್ಲಿ ಇಲ್ಲದವರ ಪಾಲಿಗೆ ಅದು ನಡೆದೇ ಇಲ್ಲ.

“ಏನಾಯ್ತು ಏಳಮ್ಮಿ,” ಎಂದಳು ರಾಚಮ್ಮ.

“ತಕ್ಕಡಿ ಕೂಗ್ತು. ಬೋರ್ಡ್ ಇನ್ನೂ ಬಂದಿರ್ನಿಲ್ಲ, ರಾಚಕ್ಕ.”

“ನನ್ ಗಂಡನ ಜಾತಿದೇ ಬುಡು.”

ನಯನಾಳಿಗೂ ನಗು ಬಂತು, ಕೈ ಮಾತ್ರ ಕೀಲಿಮಣೆಯ ಮೇಲೇ ಇತ್ತು. ಪುಟ ಮುಚ್ಚಿ ತೆರೆದರೆ ತೂಕ ಅಳಿಸಿಹೋಗುತ್ತದೆ. ತಕ್ಕಡಿಯಿಂದ ಮತ್ತೆ ಸಾರಿಸಿದರೆ ಚೀಟಿ ಎರಡಾಗುತ್ತದೆ, ಲಾರಿಯ ಲೆಕ್ಕದಲ್ಲೂ ಎರಡು ಬೋಣಿ ಬೀಳುತ್ತದೆ. ಲಾರಿಯ ಲೆಕ್ಕ ಸಮಯಕ್ಕೆ ಸರಿಯಾಗಿ ಕೇಳಿಸಿಕೊಂಡಿತ್ತು, ಬೋಣಿಯ ತೂಕ ಅದರ ಬಳಿ ಇತ್ತು. ಅದನ್ನು ತೆಗೆದು ಬೋರ್ಡಿಗೊಂದಕ್ಕೇ ಕೊಡುವ ಒಂದು ಸಾಲು ಬರೆದಳು. ಓದಿ ನೋಡಿ, ಒತ್ತಿದಳು.

ಬೋರ್ಡಿನ ಮೇಲೆ ರಾಚಮ್ಮನ ಹೆಸರೂ ತೂಕವೂ ಮೂಡಿದವು. ಸೋಮೇಶ್ ಬೊಗಸೆಯ ಹೂವನ್ನು ಜೇಬಿಗೆ ಸುರಿದುಕೊಂಡು ದರ ಕೂಗಿದ. ಅದಕ್ಕಿಂತ ಹೆಚ್ಚಿನ ದರ ಮಲಯಾಳಂನಲ್ಲಿ ಕೇಳಿಬಂತು. ಎರಡನೆಯ ಬುಟ್ಟಿ ತಕ್ಕಡಿ ಏರಿತು, ಬೋರ್ಡು ಕೇಳಿಸಿಕೊಂಡಿತು.

ಮಧ್ಯಾಹ್ನ ಅಂಗಳ ಖಾಲಿಯಾದ ಮೇಲೆ ಅವಳು ಪುಟ ತಿದ್ದಿದಳು. ಇನ್ನು ಬೋರ್ಡು ಯಾವಾಗ ಬಂದರೂ, ಅದುವರೆಗೆ ಆದದ್ದನ್ನು ಮೊದಲು ವಿಚಾರಿಸಿಕೊಂಡು ಆಮೇಲೆ ಕಿವಿಗೊಡುತ್ತದೆ.

“ಸಂತೆಮರಹಳ್ಳಿಯೋರೂ ಕೇಳ್ತಾವ್ರೆ. ಇದ್ನೇ ಅಲ್ಲೂ ಆಕ್ಬುಡವ್ವಾ,” ಎಂದರು ದೊಡ್ಡಮಲ್ಲಪ್ಪ.

“ಆಕನ ದೊಡ್ಡಪ್ಪ. ಮೊದ್ಲು ಒಂದಿನ ಓಗಿ ಸುಮ್ನೆ ಕೂತ್ಕಂಡು ನೋಡ್ತೀನಿ, ಅವ್ರು ಬೋಣಿ ಎಂಗ್ ಮಾಡ್ತಾರೆ ಅಂತ.”