ಅವ್ವ ಹೊತ್ತಿಸಿದ ಬಸ್ಸು

ಯುದ್ಧದ ಕಾಲದಲ್ಲಿ ಪೆಟ್ರೋಲು ಸಿಗದೆ ನಮ್ಮ ಕಡೆಯ ಬಸ್ಸುಗಳು ಇದ್ದಿಲಿನ ಹೊಗೆಯಿಂದ ಓಡುತ್ತಿದ್ದವು. ಓಡುತ್ತಿದ್ದವು ಎಂಬುದು ಬಸ್ಸಿನ ಮಾಲೀಕರ ಮಾತು. ಸೋದರಮಾವನ ಮದುವೆಗೆಂದು ಅರಕಲಗೂಡಿನಿಂದ ಹೊಳೆನರಸೀಪುರಕ್ಕೆ ಹೊರಟ ನಮ್ಮ ಬಸ್ಸು ಅರ್ಧ ದಾರಿಯ ಏರಿನಲ್ಲಿ ನಿಂತುಬಿಟ್ಟಿತು. ಧಾರೆಯಲ್ಲಿ ಕಳಸ ಹಿಡಿಯಬೇಕಾದವಳು ಮದುಮಗನ ಅಕ್ಕ, ಅಂದರೆ ನಮ್ಮವ್ವ. ಅವಳು ತಲುಪದಿದ್ದರೆ ಆ ಗೌರವ ದಾಯಾದಿ ಮನೆಯ ಹೆಂಗಸಿನ ಪಾಲಾಗುತ್ತಿತ್ತು.

ಬಸ್ಸಿನ ಹಿಂಬದಿಯ ಇದ್ದಿಲೊಲೆಗೆ ಗಾಳಿಯೂದುವ ಚಕ್ರವನ್ನು ತಿರುಗಿಸಿ ತಿರುಗಿಸಿ ಕ್ಲೀನರು ಬೆವೆತುಹೋದ. ಗಂಡಸರೆಲ್ಲ ಕೆಳಗಿಳಿದು ಯುದ್ಧದ ಗತಿಯನ್ನು ಚರ್ಚಿಸಿದರು. ಅವ್ವ ಕಂಕುಳಲ್ಲಿದ್ದ ಕೂಸನ್ನು ಅಪ್ಪನ ಕೈಗಿಟ್ಟು, ಸೆರಗು ಸಿಕ್ಕಿಸಿಕೊಂಡು ಹಿಂದಕ್ಕೆ ನಡೆದಳು.

"ಇತ್ಲಾಗೆ ಬರ್ಬ್ಯಾಡಿ. ಇದು ನಿಮ್ಮನೆ ಒಲೆ ಅಲ್ಲ ಕಣವ್ವ," ಅಂದ ಡ್ರೈವರು.

"ನಮ್ಮನೆ ಒಲೆ ಆಗಿದ್ರೆ ಇಷ್ಟೊತ್ಗೆ ಉರೀತಿತ್ತು ಕಣಪ್ಪ. ಅತ್ಲಾಗ್ ಸರ್ಕೊ," ಅಂದಳು ಅವ್ವ.

ಬೂದಿ ಕೆದಕಿದಳು, ಒದ್ದೆ ಇದ್ದಿಲನ್ನು ಆಯ್ದು ಎಸೆದಳು. ಬೇಲಿ ಬದಿಯ ಒಣ ತೆಂಗಿನ ನಾರು ತುರುಕಿ ಕಿಡಿ ತಾಗಿಸಿ, ಗಾಳಿಚಕ್ರವನ್ನು ಮೆಲ್ಲಗೆ ತಿರುಗಿಸಲು ಕ್ಲೀನರನಿಗೆ ಹೇಳಿದಳು. ಎಲ್ಲವೂ ತಮ್ಮ ಸಲಹೆಯಂತೆಯೇ ನಡೆಯುತ್ತಿದೆ ಎಂಬ ಗಾಂಭೀರ್ಯದಲ್ಲಿ ಅಪ್ಪ ಕೂಸನ್ನು ತೂಗುತ್ತ ನೋಡುತ್ತಿದ್ದರು. ಎಂಜಿನ್ನು ಮೊದಲು ಕೆಮ್ಮಿತು, ಆಮೇಲೆ ಗುಡುಗಿತು.

ಧಾರೆಗೆ ತುಸು ಮುಂಚೆ ಚಪ್ಪರ ಸೇರಿದೆವು. ದಾಯಾದಿ ಮನೆಯಾಕೆ ಆಗಲೇ ಕಳಸ ಎತ್ತಿಕೊಂಡಿದ್ದಳು.

"ಮಕ ತೊಳ್ಕಂಡ್ ಬಾ ಓಗಕ್ಕ, ಮೂತಿಯೆಲ್ಲ ಮಸಿ ಆಗೈತೆ," ಅಂದಳು.

"ತೊಳ್ಕಂಡ್ ಬರೋ ಅಷ್ಟ್ರಲ್ಲಿ ನೀನು ಧಾರೆ ಮುಗಿಸ್ಬುಟ್ಟಿರ್ತೀಯ. ತಾ ಇಲ್ಲಿ," ಎಂದು ಅವ್ವ ಕಳಸ ಇಸಕೊಂಡು, ಮಸಿ ಮುಖದಲ್ಲೇ ಮದುಮಗನ ಪಕ್ಕ ನಿಂತಳು. ಅಂದು ಆ ಚಪ್ಪರದಲ್ಲಿ ಅವಳಷ್ಟು ಲಕ್ಷಣವಾಗಿ ನನಗೆ ಇನ್ಯಾರೂ ಕಾಣಲಿಲ್ಲ.